ಕಲ್ಲಿದ್ದಲಿಲ್ಲದ ನಾಡಿನ ಒಲೆಯ ಚಿಂತೆ

ಜಯನಗರದ ಒಳರಸ್ತೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಮನೆಗಳ ಹಿತ್ತಲಿನತ್ತ ನೋಡಿದರೆ, ಬಚ್ಚಲುಮನೆಯ ಸೂರಿನ ಮೇಲೆ ಮಸಿ ಹಿಡಿದ ಗಿಡ್ಡ ಹೊಗೆಗೂಡೊಂದು ಕಣ್ಣಿಗೆ ಬೀಳುತ್ತದೆ. ಅದರ ಕೆಳಗೆ ಒಂದು ಕಾಲದಲ್ಲಿ ತಾಮ್ರದ ಹಂಡೆ ಇತ್ತು, ಹಂಡೆಯ ಕೆಳಗೆ ಸೌದೆ ಉರಿಯುತ್ತಿತ್ತು. ಈಗ ಅದೇ ಮನೆಗಳ ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಕೂತಿದೆ. ಬನಶಂಕರಿ, ಜೆ.ಪಿ. ನಗರಗಳ ಹೊಸ ಮನೆಗಳಲ್ಲಂತೂ ಹೊಗೆಗೂಡನ್ನು ಕಂಡವರೇ ಇಲ್ಲ.

ಹೊಗೆಗೂಡಿನಿಂದ ತಾರಸಿಯವರೆಗಿನ ಈ ಪಯಣ ತನ್ನಷ್ಟಕ್ಕೆ ತಾನೇ ಆದದ್ದಲ್ಲ. ಅದರ ಹಿಂದೆ ಪ್ರಯೋಗಾಲಯಗಳಿವೆ, ಸರ್ಕಾರದ ಅನುದಾನಗಳಿವೆ, ಗೆದ್ದ ಯೋಜನೆಗಳಷ್ಟೇ ಸೋತ ಯೋಜನೆಗಳೂ ಇವೆ. ಇಂಧನ ಸಂಶೋಧನೆಗೆ ಸರ್ಕಾರ ಎಷ್ಟು ಹಣ ಖರ್ಚು ಮಾಡುತ್ತದೆ ಎಂದು ನಾವು ಆಗಾಗ ಕೇಳುತ್ತೇವೆ. ಆದರೆ ಆ ಹಣ ಎಲ್ಲಿಯವರೆಗೆ ಜೊತೆಗೆ ಬಂತು, ಯಾವ ಹಂತದಲ್ಲಿ ಕೈಬಿಟ್ಟಿತು ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ. ಕರ್ನಾಟಕದ ನೂರು ವರ್ಷಗಳ ಅನುಭವ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ.

ಬಂಡೆಗಳ ವಯಸ್ಸು

ಕರ್ನಾಟಕದಲ್ಲಿ ಚಿನ್ನವಿದೆ, ಕಬ್ಬಿಣವಿದೆ, ಮ್ಯಾಂಗನೀಸ್ ಇದೆ. ಗಣಿ ಮಾಡಿ ತೆಗೆಯುವಂಥ ಕಲ್ಲಿದ್ದಲು ಮಾತ್ರ ಇಲ್ಲ. ಇದಕ್ಕೆ ಕಾರಣ ನಮ್ಮ ನೆಲದ ಮುಪ್ಪು. ದಕ್ಷಿಣ ಕರ್ನಾಟಕದ ಬಂಡೆಗಳಲ್ಲಿ ಹೆಚ್ಚಿನವು 250 ಕೋಟಿ ವರ್ಷಗಳಿಗೂ ಹಿಂದಿನವು. ಆಗ ನೆಲದ ಮೇಲೆ ಗಿಡಮರಗಳೇ ಹುಟ್ಟಿರಲಿಲ್ಲ. ಕಲ್ಲಿದ್ದಲು ಎಂದರೆ ಜೌಗು ನೆಲದಲ್ಲಿ ಹೂತುಹೋದ ಕಾಡು. ಭಾರತದ ಕಲ್ಲಿದ್ದಲಿನ ಬಹುಪಾಲು ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ದಾಮೋದರ, ಮಹಾನದಿ, ಗೋದಾವರಿಗಳ ಇಂದಿನ ಕಣಿವೆಗಳಲ್ಲಿ ಹೂತ ಕಾಡುಗಳಿಂದ ಬಂದದ್ದು. ಮೈಸೂರು ಸೀಮೆಗೆ ಆ ಭಾಗ್ಯ ಇರಲಿಲ್ಲ.

ಕಲ್ಲಿದ್ದಲು ಇಲ್ಲದ್ದರಿಂದಲೇ ಇಲ್ಲಿನ ಸರ್ಕಾರ ಬೇರೆ ದಾರಿ ಹುಡುಕಬೇಕಾಯಿತು. 1902ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು ಅಂಥ ಒಂದು ದಾರಿ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದರ ಫಲ. ಆದರೆ ವಿದ್ಯುತ್ತಿನಿಂದ ಆಗದ ಕೆಲಸ ಒಂದಿತ್ತು. ಅದು ಕಬ್ಬಿಣ ಕರಗಿಸುವುದು.

ಭದ್ರಾವತಿಯ ಇದ್ದಿಲು

ಅದಿರಿನಿಂದ ಕಬ್ಬಿಣ ಬೇರ್ಪಡಿಸಲು ಬರಿಯ ಕಾವು ಸಾಲದು, ಇಂಗಾಲವೂ ಬೇಕು. ಟಾಟಾದವರು ಜಮ್‌ಶೆಡ್‌ಪುರದಲ್ಲಿ ಝರಿಯಾದ ಕಲ್ಲಿದ್ದಲನ್ನು ನಂಬಿ ಕಾರ್ಖಾನೆ ಕಟ್ಟಿದರು. ಮೈಸೂರಿನವರು ಮಲೆನಾಡಿನ ಕಾಡನ್ನು ನಂಬಬೇಕಾಯಿತು. ಟಾಟಾ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಸಿ.ಪಿ. ಪೆರಿನ್ ಅವರ ಸಲಹೆಯನ್ನೇ ಪಡೆದು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭದ್ರಾವತಿಯ ಯೋಜನೆ ಸಿದ್ಧವಾಯಿತು. 1918ರಲ್ಲಿ ಕೆಲಸ ಆರಂಭವಾಗಿ 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿತು.

ಕಾರ್ಖಾನೆಯ ಮೊದಲ ಹೆಸರಿನಲ್ಲೇ ಕಬ್ಬಿಣದ ಜೊತೆಗೆ ಮರ ಬಟ್ಟಿ ಇಳಿಸುವ ಕೆಲಸವೂ ಸೇರಿತ್ತು. ಸೌದೆಯನ್ನು ಗಾಳಿಯಾಡದ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಕಾಯಿಸಿದರೆ ಅದು ಉರಿಯುವುದಿಲ್ಲ, ಇದ್ದಿಲಾಗುತ್ತದೆ. ಹೊರಬರುವ ಆವಿಯನ್ನು ತಣಿಸಿದರೆ ಅಸಿಟಿಕ್ ಆಮ್ಲ, ಮೆಥಿಲ್ ಆಲ್ಕೋಹಾಲ್, ಟಾರು ಸಿಗುತ್ತವೆ. ಇದ್ದಿಲು ಕುಲುಮೆಗೆ, ಉಳಿದದ್ದು ಮಾರಾಟಕ್ಕೆ. ಯಾವ ಮರದಿಂದ ಯಾವುದು ಎಷ್ಟು ಬರುತ್ತದೆ ಎಂಬುದನ್ನು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಎಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಡ್‌ಬರೋ, ವಾಟ್ಸನ್ ಮೊದಲಾದ ರಸಾಯನ ವಿಜ್ಞಾನಿಗಳು ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಅಳೆದು ನೋಡಿದ್ದರು. ಆ ಸಂಸ್ಥೆಗೆ ಜಮೀನು ಕೊಟ್ಟದ್ದು ಮೈಸೂರು ಸರ್ಕಾರ. ಹೀಗಾಗಿ ಸರ್ಕಾರದ ನೆರವು ಪ್ರಯೋಗಾಲಯವನ್ನು ದಾಟಿ ಕಾರ್ಖಾನೆಯವರೆಗೂ ನಡೆದು ಬಂದ ಅಪರೂಪದ ನಿದರ್ಶನ ಇದು.

ಆದರೆ ವಿಧಿ ಬೇರೆ ಆಟ ಹೂಡಿತ್ತು. ಭದ್ರಾವತಿಯ ಕುಲುಮೆ ಹೊತ್ತಿದ ಅದೇ 1923ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಕಲ್ಲಿದ್ದಲಿನಿಂದ ಪಡೆದ ಅನಿಲಗಳಿಂದಲೇ ಮೆಥಿಲ್ ಆಲ್ಕೋಹಾಲ್ ತಯಾರಿಸಲು ತೊಡಗಿತು. ಮರದಿಂದ ಬಟ್ಟಿ ಇಳಿಸಿದ್ದಕ್ಕಿಂತ ಅದು ಅಗ್ಗ. ಜಗತ್ತಿನ ಎಲ್ಲೆಡೆ ಮರದ ಆಲ್ಕೋಹಾಲಿನ ಮಾರುಕಟ್ಟೆ ಕುಸಿಯಿತು. ಕಬ್ಬಿಣದ ಬೆಲೆಯೂ ಇಳಿದಿತ್ತು. ಕಾರ್ಖಾನೆ ಮುಚ್ಚಿಬಿಡಿ ಎಂಬ ಮಾತು ಕೇಳಿಬಂದರೂ ಸರ್ಕಾರ ಮುಚ್ಚಲಿಲ್ಲ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿತು. ಮುಂದೆ ಜೋಗದ ವಿದ್ಯುತ್ ಬಂದಮೇಲೆ, 1950ರ ದಶಕದಲ್ಲಿ, ಅಲ್ಲಿ ವಿದ್ಯುತ್ ಕುಲುಮೆಗಳು ಬಂದವು.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಬೇರೆ ದೇಶದ ಪ್ರಯೋಗಾಲಯದಲ್ಲಿ ಆಗುವ ಸಂಶೋಧನೆ ನಮ್ಮ ಕಾಡಿನಂಚಿನ ಕಾರ್ಖಾನೆಯ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು ಎಂಬುದು ಒಂದು. ಅಂಥ ಪೆಟ್ಟು ಬಿದ್ದಾಗ ಯೋಜನೆಯ ಕೈಹಿಡಿಯುವವರು ಇದ್ದರೆ ಅದು ಬದುಕುತ್ತದೆ ಎಂಬುದು ಇನ್ನೊಂದು.

ಧನಬಾದಿನ ದಾರಿ

ಸ್ವಾತಂತ್ರ್ಯದ ಹೊತ್ತಿಗೆ ಇಂಧನ ಸಂಶೋಧನೆ ದೆಹಲಿಯ ಲೆಕ್ಕಕ್ಕೆ ಸೇರಿತು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹುಟ್ಟಿತು. ಅದು ಕಟ್ಟಿದ ಮೊದಲ ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ಧನಬಾದ್ ಬಳಿಯ ಕೇಂದ್ರೀಯ ಇಂಧನ ಸಂಶೋಧನಾ ಸಂಸ್ಥೆಯೂ ಒಂದು. 1950ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಅದನ್ನು ಉದ್ಘಾಟಿಸಿದರು.

ಹೆಸರು ಇಂಧನದ್ದಾದರೂ ಕೆಲಸ ಮುಖ್ಯವಾಗಿ ಕಲ್ಲಿದ್ದಲಿನದು. ಅದಕ್ಕೆ ಕಾರಣವೂ ಇತ್ತು. ಭಾರತದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ನೂರು ಕಿಲೋ ಉರಿಸಿದರೆ ಎಷ್ಟೋ ಕಡೆ 30ರಿಂದ 45 ಕಿಲೋ ಬೂದಿಯೇ ಉಳಿಯುತ್ತದೆ. ಅದನ್ನು ತೊಳೆಯುವುದು ಹೇಗೆ, ಉಕ್ಕಿಗೆ ಬೇಕಾದ ಕೋಕ್ ಮಾಡುವುದು ಹೇಗೆ ಎಂಬುದು ಹೊಸ ದೇಶದ ತುರ್ತು ಪ್ರಶ್ನೆಗಳಾಗಿದ್ದವು. 1975ರಿಂದ ಕಲ್ಲಿದ್ದಲು ಖಾತೆ ಸಂಶೋಧನೆಗೆಂದೇ ಪ್ರತ್ಯೇಕ ಅನುದಾನ ಕೊಡುತ್ತ ಬಂತು. 2007ರಲ್ಲಿ ಧನಬಾದಿನ ಈ ಸಂಸ್ಥೆಯನ್ನು ಅಲ್ಲಿನದೇ ಗಣಿ ಸಂಶೋಧನಾ ಸಂಸ್ಥೆಯೊಂದಿಗೆ ಸೇರಿಸಿ ಒಂದು ಮಾಡಲಾಯಿತು.

ಕಲ್ಲಿದ್ದಲು ಇದ್ದಲ್ಲಿ ಕಲ್ಲಿದ್ದಲಿನ ಸಂಶೋಧನೆ ನಡೆಯಿತು, ಸರಿ. ಆದರೆ ಆ ದಿನಗಳಲ್ಲಿ ಈ ದೇಶದ ಹೆಚ್ಚಿನ ಒಲೆಗಳಲ್ಲಿ ಉರಿಯುತ್ತಿದ್ದದ್ದು ಕಲ್ಲಿದ್ದಲಲ್ಲ, ಸೌದೆ ಮತ್ತು ಬೆರಣಿ. ಅದರ ಬಗ್ಗೆ ಲೆಕ್ಕ ಇಟ್ಟವರು ಬಹಳ ಕಡಿಮೆ.

ಉಂಗ್ರದ ಲೆಕ್ಕ

1973ರ ಕೊನೆಯಲ್ಲಿ ಅರಬ್ ದೇಶಗಳು ತೈಲದ ಕೊಳಾಯಿ ಬಿಗಿ ಮಾಡಿದವು. ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಜಗತ್ತಿನ ಸರ್ಕಾರಗಳೆಲ್ಲ ಇಂಧನ ಸಂಶೋಧನೆಯತ್ತ ತಿರುಗಿದ್ದು ಆಗಲೇ. ಮರುವರ್ಷವೇ, 1974ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಘಟಕ ಆರಂಭವಾಯಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ಮುಂದಾಳು ಅಮೂಲ್ಯ ಕೆ.ಎನ್. ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೆಡ್ಡಿಯವರು ವಿದ್ಯುತ್ ರಸಾಯನ ಶಾಸ್ತ್ರದಲ್ಲಿ ಜಗತ್ತಿನಾದ್ಯಂತ ಓದುವ ಪಠ್ಯಪುಸ್ತಕದ ಸಹಲೇಖಕರು. ಅಂಥವರು ಹಳ್ಳಿಯ ಒಲೆಯ ಮುಂದೆ ಕೂತದ್ದು ಅಂದಿಗೆ ಸೋಜಿಗದ ಸಂಗತಿಯೇ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇಂಥ ಕೆಲಸಗಳಿಗೆ ರಾಜ್ಯ ಸರ್ಕಾರದ ಆಸರೆಯಾಯಿತು.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರದ ಕೇಂದ್ರ ತೆರೆಯಿತು. ಸುತ್ತಲಿನ ಆರು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಯಾವ ಇಂಧನ ಎಷ್ಟು ಖರ್ಚಾಗುತ್ತದೆ ಎಂದು ಮನೆಮನೆಗೆ ಹೋಗಿ ಅಳೆದರು. ಅವುಗಳಲ್ಲಿ ಒಂದಾದ ಪುರದಲ್ಲಿ ಆಗ 56 ಮನೆಗಳು, 357 ಜನ. ಊರಿನ ಒಟ್ಟು ಶಕ್ತಿಯಲ್ಲಿ ಸುಮಾರು ಶೇಕಡ 89 ಪಾಲು ಸೌದೆಯದು, ಶೇಕಡ 7ರಷ್ಟು ಮನುಷ್ಯರ ದುಡಿಮೆಯದು. ಸೀಮೆಎಣ್ಣೆ ಶೇಕಡ 2, ವಿದ್ಯುತ್ ಶೇಕಡ 1ರ ಆಸುಪಾಸು. ಒಂದು ಮನೆಗೆ ದಿನಕ್ಕೆ ಬೇಕಾಗುವ ಸುಮಾರು ಹತ್ತು ಕಿಲೋ ಸೌದೆ ತರಲು ಎರಡೂವರೆ ಗಂಟೆ ಬೇಕಿತ್ತು, ಐದು ಕಿ.ಮೀ.ಗಳಷ್ಟು ನಡೆಯಬೇಕಿತ್ತು. ಈ ನಡಿಗೆಯಲ್ಲಿ ಮಕ್ಕಳ ಪಾಲೂ ದೊಡ್ಡದಿತ್ತು.

ಇದು ಬರಿಯ ಅಂಕಿಅಂಶ ಎನಿಸಬಹುದು. ಆದರೆ ಅಲ್ಲಿಯವರೆಗೆ ದೇಶದ ಇಂಧನ ನೀತಿ ಎಂದರೆ ಕಲ್ಲಿದ್ದಲು, ತೈಲ, ವಿದ್ಯುತ್ ಎಂಬ ಮೂರು ಬಾಬತ್ತುಗಳ ಲೆಕ್ಕವೇ ಮುಖ್ಯವಾಗಿತ್ತು. ಹೆಂಗಸರ ನಡಿಗೆಯೂ ಮಕ್ಕಳ ಹೊರೆಯೂ ಇಂಧನದ ಲೆಕ್ಕದಲ್ಲೇ ಬರಬೇಕಾದವು ಎಂದು ತೋರಿಸಿದ್ದು ಈ ಅಧ್ಯಯನ.

ಬೆಂಗಳೂರೇನೂ ಇದರಿಂದ ಹೊರಗಿರಲಿಲ್ಲ. ಅಮೂಲ್ಯ ರೆಡ್ಡಿ ಮತ್ತು ಸುಧಾಕರ ರೆಡ್ಡಿ 1983ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಗರದ ಸೌದೆ ವ್ಯಾಪಾರವನ್ನು ಬಿಡಿಸಿಟ್ಟಿತು. ದೂರದ ಕಾಡು, ತೋಪುಗಳಿಂದ ಲಾರಿಯಲ್ಲಿ ಬಂದ ಸೌದೆ ನಗರದ ಡಿಪೋಗಳಲ್ಲಿ ತೂಕಕ್ಕೆ ಮಾರಾಟವಾಗುತ್ತಿತ್ತು. ಅನುಕೂಲಸ್ಥರು ಗ್ಯಾಸಿಗೆ ಬದಲಾಯಿಸುತ್ತಿದ್ದಂತೆ ಸೌದೆ ಬಡವರ ಇಂಧನವಾಗಿ ಉಳಿಯಿತು. ಒಂದೇ ನಗರದಲ್ಲಿ ಅಡಿಗೆಮನೆಯ ಹೊಗೆ ವರ್ಗದ ಗುರುತಾಯಿತು.

ಮೂರು ಪಾತ್ರೆಯ ಒಲೆ

ಲೆಕ್ಕದ ಬೆನ್ನಿಗೇ ಒಲೆ ಬಂತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಕಾವಿನ ಹತ್ತನೇ ಒಂದು ಭಾಗದಷ್ಟು ಮಾತ್ರ ಪಾತ್ರೆಗೆ ಸೇರುತ್ತದೆ, ಉಳಿದದ್ದು ಗಾಳಿಗೆ. ಅಸ್ತ್ರದವರು ಮಾಡಿದ ಒಲೆಯಲ್ಲಿ ಮೂರು ಪಾತ್ರೆಗೆ ಜಾಗ. ಸೌದೆಯ ಕೆಳಗೆ ಕಬ್ಬಿಣದ ಜಾಲರಿ ಇರುವುದರಿಂದ ಗಾಳಿ ಅಡಿಯಿಂದ ಹದವಾಗಿ ಬರುತ್ತದೆ. ಬಿಸಿ ಹೊಗೆ ಮೊದಲ ಪಾತ್ರೆಯನ್ನು ಮುಟ್ಟಿ, ಎರಡನೆಯದು, ಮೂರನೆಯದರ ಕೆಳಗೆ ಹಾದು, ಕಾವು ಬಿಟ್ಟುಕೊಟ್ಟು, ಕೊಳವೆಯ ಮೂಲಕ ಸೂರಿನಾಚೆ ಹೋಗುತ್ತದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಇದರ ದಕ್ಷತೆ ಶೇಕಡ 40ರ ಆಸುಪಾಸು ಬಂತು. ಸೌದೆ ಉಳಿಯಿತು, ಅದಕ್ಕಿಂತ ಹೆಚ್ಚಾಗಿ ಹೆಂಗಸರ ಕಣ್ಣು, ಶ್ವಾಸಕೋಶ ಉಳಿದವು.

‘ಅಸ್ತ್ರ ಒಲೆ’ ಎಂಬ ಹೆಸರಿನಲ್ಲೇ ಇದು ಕರ್ನಾಟಕದ ಹಳ್ಳಿಗಳಲ್ಲಿ ಹರಡಿತು. ಇದೇ ಕಾಲದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ಕೊನೆಗೊಂಡ ಈ ಕಾರ್ಯಕ್ರಮದಡಿ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿಸಿದ ಲೆಕ್ಕವಿದೆ. ಆದರೆ ಅವುಗಳಲ್ಲಿ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಒಡೆದುಹೋದವು, ಹೊಗೆ ಕೊಳವೆ ಕಟ್ಟಿಕೊಂಡಿತು, ಜನ ಹಳೆಯ ಒಲೆಗೆ ಮರಳಿದರು. ಮಣ್ಣಿನ ಒಲೆ ಎಂದಮೇಲೆ ಬಿರುಕು ಬಿಡುವುದು ಸಹಜ. ಅದನ್ನು ಮೆತ್ತಿ ಸರಿಪಡಿಸಲು ಬರುವವರಿಗೆ ಸಂಬಳ ಯಾವ ಲೆಕ್ಕದಿಂದ? ಕಟ್ಟಿದ ಒಲೆಗೆ ಗುರಿಯಿತ್ತು, ಉರಿಯುತ್ತಿರುವ ಒಲೆಗೆ ಗುರಿಯಿರಲಿಲ್ಲ.

ಪುರದ ದೀಪ, ಹೊಸಹಳ್ಳಿಯ ನೀರು

ಪುರದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲಿಗೆ ಅಡಿಗೆಗೆ ಗ್ಯಾಸ್ ಕೊಡುವ ಯೋಚನೆ ಇತ್ತು. ಊರಿನ ಸಗಣಿ ಅಷ್ಟಕ್ಕೆ ಸಾಲದು ಎಂದು ತಿಳಿದಾಗ ದಾರಿ ಬದಲಿಸಿದರು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕೊಳವೆ ಬಾವಿಯಿಂದ ಕುಡಿಯುವ ನೀರು ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಕಿಲೋಗೆ ಎರಡು ಪೈಸೆ ಕೂಲಿ, ಗ್ಯಾಸ್ ತೆಗೆದಮೇಲೆ ಉಳಿದ ಬಗ್ಗಡ ಮತ್ತೆ ಅವರ ಹೊಲಕ್ಕೆ. ದೀಪಕ್ಕೆ, ನೀರಿಗೆ ಊರಿನವರೇ ಹಣ ಕಟ್ಟಿದರು, ಊರಿನ ಹುಡುಗರೇ ಎಂಜಿನ್ ನೋಡಿಕೊಂಡರು.

ಅದೇ ತಾಲ್ಲೂಕಿನ ಹೊಸಹಳ್ಳಿಗೆ ಆಗ ವಿದ್ಯುತ್ ತಂತಿ ಬಂದಿರಲಿಲ್ಲ. 1988ರಲ್ಲಿ ಅಲ್ಲಿ 3.7 ಕಿಲೋವಾಟ್‌ನ ಸೌದೆ ಅನಿಲ ಯಂತ್ರ ಕೂಡಿಸಿದರು. ಸೌದೆಗೆ ಗಾಳಿ ಕಡಿಮೆ ಕೊಟ್ಟು ಉರಿಸಿದರೆ ಹೊರಡುವ ಅನಿಲ ಎಂಜಿನ್ ಓಡಿಸಬಲ್ಲದು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದಾಗ ಬಸ್ಸುಗಳ ಹಿಂದೆ ಇದ್ದಿಲಿನ ಡಬ್ಬ ಕಟ್ಟಿ ಓಡಿಸುತ್ತಿದ್ದ ವಿದ್ಯೆಯೇ ಇದು. ಯಂತ್ರಕ್ಕೆ ಬೇಕಾದ ಸೌದೆಗೆ ಊರಿನ ಜಾಗದಲ್ಲೇ ತೋಪು ಬೆಳೆಸಿದರು. ದೀಪ, ನೀರು, ಹಿಟ್ಟಿನ ಗಿರಣಿ ಎಲ್ಲವೂ ಅದರಿಂದ ನಡೆದವು.

ಪುರದ ಸ್ಥಾವರ ಸುಮಾರು ಒಂದು ದಶಕ ನಡೆದು ನಿಂತಿತು. ಅದರಿಂದ ಕಲಿಯಬೇಕಾದದ್ದೇನು ಎಂಬುದನ್ನು ರೆಡ್ಡಿಯವರು 2004ರ ಲೇಖನವೊಂದರಲ್ಲಿ ಚರ್ಚಿಸಿದ್ದಾರೆ. ಇಂಥ ಚಿಕ್ಕ ವ್ಯವಸ್ಥೆಗಳ ಎದುರಾಳಿ ಯಾರು ಎಂಬುದನ್ನು ಗಮನಿಸಬೇಕು. ತಂತಿಯಲ್ಲಿ ಬರುವ ವಿದ್ಯುತ್ತಿಗೆ ಸರ್ಕಾರ ಸಹಾಯಧನ ಕೊಡುತ್ತದೆ, ಕೆಲವರಿಗೆ ಪುಕ್ಕಟೆಯಾಗಿಯೂ ಕೊಡುತ್ತದೆ. ಊರಿನ ಸ್ವಂತ ವಿದ್ಯುತ್ತಿಗೆ ಊರೇ ಪೂರ್ತಿ ಬೆಲೆ ತೆರಬೇಕು. ಒಂದು ಕೈಯಿಂದ ಸಂಶೋಧನೆಗೆ ಹಣ ಕೊಟ್ಟ ಸರ್ಕಾರವೇ ಇನ್ನೊಂದು ಕೈಯಿಂದ ಅದರ ಎದುರಾಳಿಯನ್ನು ಅಗ್ಗ ಮಾಡಿದರೆ ಗೆಲ್ಲುವವರಾರು?

ಸುಂಕ ಬಂತು, ಸಂಶೋಧನೆ?

ಈ ನಡುವೆ ಕಲ್ಲಿದ್ದಲಿಲ್ಲದ ನಾಡಿಗೂ ಕಲ್ಲಿದ್ದಲು ಬಂತು. ಮಳೆ ಕೈಕೊಟ್ಟಾಗಲೆಲ್ಲ ವಿದ್ಯುತ್ ಕಡಿತ ಅನುಭವಿಸಿದ್ದ ರಾಜ್ಯ 1985ರಲ್ಲಿ ರಾಯಚೂರಿನ ಮೊದಲ 210 ಮೆಗಾವಾಟ್ ಘಟಕ ಆರಂಭಿಸಿತು. ಎಂಟು ಘಟಕಗಳು ಸೇರಿ ಅದು 1,720 ಮೆಗಾವಾಟ್‌ಗೆ ಬೆಳೆಯಿತು. ಆಮೇಲೆ ಬಳ್ಳಾರಿ, ಯರಮರಸ್ ಬಂದವು. ಸಿಂಗರೇಣಿ, ಮಹಾನದಿ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಅದರ ಜೊತೆಗೆ ಬೂದಿಯ ತೂಕಕ್ಕೂ ನಾವು ರೈಲು ಬಾಡಿಗೆ ಕಟ್ಟುತ್ತೇವೆ. ಜೆ.ಪಿ. ನಗರದ ಫ್ರಿಜ್ಜು, ಬಿ.ಟಿ.ಎಂ. ಲೇಔಟಿನ ಕಂಪ್ಯೂಟರು ಓಡುವುದರಲ್ಲಿ ಆ ರೈಲುಗಳ ಪಾಲೂ ಇದೆ.

2010ರಲ್ಲಿ ಕೇಂದ್ರ ಸರ್ಕಾರ ಒಳ್ಳೆಯ ಯೋಚನೆಯೊಂದನ್ನು ಮಾಡಿತು. ಟನ್ ಕಲ್ಲಿದ್ದಲಿಗೆ 50 ರೂ. ಸುಂಕ ಹಾಕಿ, ಆ ಹಣದಿಂದ ಶುದ್ಧ ಇಂಧನದ ಸಂಶೋಧನೆಗೂ ಹೊಸ ಪ್ರಯೋಗಗಳಿಗೂ ನೆರವಾಗಲು ನಿಧಿಯೊಂದನ್ನು ರಚಿಸಿತು. ಸುಂಕ 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400 ರೂ. ಆಯಿತು. 2010–11ರಿಂದ 2017–18ರವರೆಗೆ ಸಂಗ್ರಹವಾದದ್ದು ಸುಮಾರು 86,440 ಕೋಟಿ ರೂ. ನಿಧಿಗೆ ವರ್ಗವಾದದ್ದು 29,645 ಕೋಟಿ. ಯೋಜನೆಗಳಿಗೆ ನಿಜವಾಗಿ ಹೋದದ್ದು 15,911 ಕೋಟಿ. ಎಂದರೆ ನೂರು ರೂಪಾಯಿ ವಸೂಲಿಯಲ್ಲಿ ಹದಿನೆಂಟು ರೂಪಾಯಿಯ ಆಸುಪಾಸು. ಅದರಲ್ಲೂ ಗಂಗಾ ನದಿಯ ಶುದ್ಧೀಕರಣದಂಥ ಬೇರೆ ಕೆಲಸಗಳಿಗೆ ಒಂದು ಪಾಲು ಹೋಯಿತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಈ ಸುಂಕ ರಾಜ್ಯಗಳಿಗೆ ನಷ್ಟ ತುಂಬಿಕೊಡುವ ಸೆಸ್ ಆಗಿ ಬದಲಾಯಿತು. 2025ರ ಸೆಪ್ಟೆಂಬರಿನಲ್ಲಿ ಅದೂ ರದ್ದಾಗಿ, ಕಲ್ಲಿದ್ದಲಿನ ಮೇಲಿನ ಜಿ.ಎಸ್.ಟಿ. ಶೇಕಡ 5ರಿಂದ 18ಕ್ಕೆ ಏರಿತು.

ಈಗ ಹಸಿರು ಜಲಜನಕದ ಸರದಿ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಯೋಜನೆಯ ಮೊತ್ತ 19,744 ಕೋಟಿ ರೂ. ಅದರಲ್ಲಿ ಸಂಶೋಧನೆಗೆಂದು ಇಟ್ಟದ್ದು 400 ಕೋಟಿ. ನೂರಕ್ಕೆ ಎರಡು ರೂಪಾಯಿ! ಮರುವರ್ಷ ಕಲ್ಲಿದ್ದಲನ್ನು ಅನಿಲವಾಗಿಸುವ ಕಾರ್ಖಾನೆಗಳಿಗೆ 8,500 ಕೋಟಿ ರೂ. ಪ್ರೋತ್ಸಾಹಧನ ಘೋಷಣೆಯಾಯಿತು. ಕಾರ್ಖಾನೆ ಕಟ್ಟುವುದಕ್ಕೆ ಹಣ ಬೇಕು ನಿಜ. ಆದರೆ ಬೂದಿ ತುಂಬಿದ ನಮ್ಮ ಕಲ್ಲಿದ್ದಲಿಗೆ ಹೊಂದುವ ವಿದ್ಯೆಯನ್ನು ಹೊರಗಿನಿಂದ ಕೊಂಡು ತರುವುದೇ ಆದರೆ, ಭದ್ರಾವತಿಯನ್ನು 1923ರಲ್ಲಿ ಕಾಡಿದ ಭಯ ಮತ್ತೆ ನಮ್ಮನ್ನು ಕಾಡದೇ ಇರದು.

ತಾರಸಿಯ ಪಾಠ

ಹಾಗಾದರೆ ಎಲ್ಲವೂ ಸೋಲೇ? ಅಲ್ಲ. ಬೆಂಗಳೂರಿನ ತಾರಸಿಗಳೇ ಅದಕ್ಕೆ ಸಾಕ್ಷಿ. ಬಿಸಿಲಿನಿಂದ ನೀರು ಕಾಯಿಸುವ ಪೆಟ್ಟಿಗೆಗೆ ಮೊದಲು ಸರ್ಕಾರದ ಸಹಾಯಧನ ಸಿಕ್ಕಿತು. ನಂತರ ಬ್ಯಾಂಕುಗಳಿಂದ ಕಡಿಮೆ ಬಡ್ಡಿಯ ಸಾಲ ಬಂತು. ಭಾರತೀಯ ಮಾನಕ ಸಂಸ್ಥೆ ಗುಣಮಟ್ಟ ಗೊತ್ತುಪಡಿಸಿತು. ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂ.ವರೆಗೆ ರಿಯಾಯಿತಿ ಸಿಕ್ಕಿತು. 2007ರಲ್ಲಿ ಹೊಸ ಮನೆಗಳಿಗೆ ಕಡ್ಡಾಯವೂ ಆಯಿತು. ಅಷ್ಟರಲ್ಲಿ ಬೀದಿಬೀದಿಗೆ ಮಾರುವವರು, ರಿಪೇರಿ ಮಾಡುವವರು ಹುಟ್ಟಿಕೊಂಡಿದ್ದರು. ಕೊಳವೆ ಸೋರಿದರೆ ಫೋನ್ ಮಾಡಿದ ಮರುದಿನ ಮೆಕ್ಯಾನಿಕ್ ಬರುತ್ತಾನೆ. ಅಸ್ತ್ರ ಒಲೆಗೆ ಸಿಗದೇ ಹೋದದ್ದು ಈ ಮೆಕ್ಯಾನಿಕ್ ಮಾತ್ರ.

ಇದೇ ಪಾಠವನ್ನು ಕಸದ ಗ್ಯಾಸಿನ ವಿಷಯದಲ್ಲಿ ಪಾಲಿಕೆ ಮರೆತಂತೆ ಕಾಣುತ್ತದೆ. 2010ರ ದಶಕದಲ್ಲಿ ಯಡಿಯೂರು ಸೇರಿದಂತೆ ನಗರದ ಹಲವೆಡೆ ಹಸಿ ಕಸದಿಂದ ಗ್ಯಾಸ್ ತೆಗೆದು ದೀಪ ಉರಿಸುವ ಸ್ಥಾವರಗಳು ಬಂದವು. ವಿದ್ಯೆ ಪುರದ್ದೇ, ಸಗಣಿಯ ಬದಲು ತರಕಾರಿ ಸಿಪ್ಪೆ, ಅಷ್ಟೇ ವ್ಯತ್ಯಾಸ. ಆದರೆ ವಿಂಗಡಿಸದ ಕಸ, ನಿರ್ವಹಣೆಯ ಕೊರತೆಗಳಿಂದ ನಗರದಲ್ಲಿ ಅವುಗಳಲ್ಲಿ ಹಲವು ನಿಂತುಹೋದವು. ಪುರದಲ್ಲಿ ಸಗಣಿ ತಂದವರಿಗೆ ಎರಡು ಪೈಸೆ ಕೊಟ್ಟು ಹದ ಕಾಯ್ದರು. ನಗರದಲ್ಲಿ ಕಸ ಬೇರೆ ಮಾಡಿ ಕೊಟ್ಟವರಿಗೆ ಅಂಥ ಎರಡು ಪೈಸೆಯ ಗೌರವವಾದರೂ ಇದೆಯೇ?

ಅಮೂಲ್ಯ ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಅಸ್ತ್ರ ಇಂದು ವಿಜ್ಞಾನ ಸಂಸ್ಥೆಯಲ್ಲಿ ಬೇರೆ ಹೆಸರಿನ ಕೇಂದ್ರವಾಗಿ ನಡೆಯುತ್ತಿದೆ. ಪ್ರತಿ ಫೆಬ್ರುವರಿಯಲ್ಲಿ ಬಜೆಟ್ ಮಂಡನೆಯಾದಾಗ ಇಂಧನಕ್ಕೆ ಎಷ್ಟು ಸಾವಿರ ಕೋಟಿ ಎಂಬ ತಲೆಬರಹವನ್ನು ನಾವು ಓದುತ್ತೇವೆ. ಅದರ ಕೆಳಗೆ ಮೂರು ಸಾಲುಗಳನ್ನು ಹುಡುಕುವ ಅಭ್ಯಾಸ ಒಳ್ಳೆಯದು. ಕಂಡುಹಿಡಿಯುವುದಕ್ಕೆ ಎಷ್ಟು? ಹರಡುವುದಕ್ಕೆ ಎಷ್ಟು? ಕೆಟ್ಟಾಗ ಸರಿಪಡಿಸುವುದಕ್ಕೆ ಎಷ್ಟು? ಮೂರನೆಯ ಸಾಲು ಖಾಲಿ ಇದ್ದರೆ ಮೊದಲಿನ ಎರಡು ಸಾಲುಗಳ ಹಣ ಹೊಗೆಯಾಗಿ ಹೋಗುವುದು ತಪ್ಪುವುದಿಲ್ಲ.